ಮಬ್ಬು ಹಿಡಿಯದ ಮೌಂಟನ್ ಬೈಕಿಂಗ್ ಗಾಗಲ್ಸ್ ಯಾವುದು? ಬಳಸಿದವರ ಅನುಭವ ಬೇಕು

ಏರುಹಾದಿ: ನಾನು ಪವರ್ ಕನ್ನಡಕ ಹಾಕುವವನು. ಫುಲ್ ಫೇಸ್ ಹೆಲ್ಮೆಟ್ ತೊಟ್ಟು ಏರು, ಇಳಿಜಾರು ಎರಡನ್ನೂ ಒಂದೇ ಸವಾರಿಯಲ್ಲಿ ಮುಗಿಸುತ್ತೇನೆ. ನಿಧಾನವಾಗಿ ಏರುವಾಗಲೂ ನೆರಳಿನಲ್ಲಿ ನಿಂತಾಗಲೂ ಗಾಗಲ್ಸಿನೊಳಗೆ ಆವಿ ಕಟ್ಟುತ್ತದೆ. ಜೋಡಿ ಲೆನ್ಸ್ ಕೊಳ್ಳಬೇಕೇ, ಒಂಟಿ ಲೆನ್ಸ್ ಸಾಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಜೋಡಿಗಾಜು: ಜೋಡಿ ಲೆನ್ಸ್ ಹೊರತು ಬೇರೆ ದಾರಿಯಿಲ್ಲ. ಎರಡು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುವುದರಿಂದ ಒಳಪದರವು ಹೊರಪದರದಷ್ಟು ತಣ್ಣಗಾಗುವುದಿಲ್ಲ; ಹಾಗಾಗಿ ಬೆವರಿನ ಆವಿ ಅದರ ಮೇಲೆ ಅಷ್ಟು ಬೇಗ ಹನಿಗಟ್ಟುವುದಿಲ್ಲ. ಹಿಮದಲ್ಲಿ ಜಾರುವವರಿಗಾಗಿ ಬಾಬ್ ಸ್ಮಿತ್ ಎಂಬ ದಂತವೈದ್ಯರು ಈ ಉಪಾಯವನ್ನು 1960ರ ದಶಕದಲ್ಲೇ ಕೈಗೂಡಿಸಿದ್ದರು. ನನ್ನ ಜೊತೆ ಸವಾರಿಗೆ ಬರುವ ಗೆಳೆಯರೊಬ್ಬರು ಅಗ್ಗವೆಂದು ಒಂಟಿ ಲೆನ್ಸಿನದನ್ನು ಕೊಂಡರು. ಅದರ ಮೇಲೆ ಸ್ಪ್ರೇ, ಸ್ಪ್ರೇ ಕೆಲಸ ಮಾಡದೆ ಬದಲಿ ಲೆನ್ಸ್, ಅದು ಗೀರಿದ ಮೇಲೆ ಇನ್ನೊಂದು ಲೆನ್ಸ್, ಪ್ರತಿ ಬಾರಿಯೂ ಸಾಗಣೆ ವೆಚ್ಚ ಬೇರೆ. ಎಲ್ಲವನ್ನೂ ಕೂಡಿಸಿದರೆ ನಾನು ಒಮ್ಮೆ ಕೊಟ್ಟ ಹಣವನ್ನು ಅವರು ಎಂದೋ ದಾಟಿಯಾಗಿದೆ, ಮಬ್ಬು ಮಾತ್ರ ಇನ್ನೂ ಹಾಗೆಯೇ ಇದೆ.

ಹಳೆಚಕ್ರ: ಮೇಲಿನವರು ಅಂಚಿನ ಸೀಲಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲವಲ್ಲ! ನನ್ನ ಜೋಡಿ ಲೆನ್ಸಿನ ಸೀಲು ಮೂಗಿನ ಹತ್ತಿರ ಕೂದಲೆಳೆಯಷ್ಟು ಬಿಟ್ಟಿತು, ನೀರು ಎರಡು ಪದರಗಳ ನಡುವೆ ಇಳಿಯಿತು, ಒಣಗಿದ ಮೇಲೆ ಬಿಳಿಚಿದ ಕಲೆಯೊಂದು ನಿಂತುಬಿಟ್ಟಿತು. ಒಳಗಿನಿಂದಲೂ ಹೊರಗಿನಿಂದಲೂ ಒರೆಸಲಾಗದ ಜಾಗ ಅದು. ವಾರಂಟಿ ಕೇಳಿದರೆ, ತೊಳೆದದ್ದರಿಂದ ಆದ ಹಾನಿಗೆ ತಾವು ಹೊಣೆಯಲ್ಲ ಎಂಬ ಉತ್ತರ ಬಂತು. ಬದಲಿ ಲೆನ್ಸಿಗೆ ಇಡೀ ಗಾಗಲ್ಸಿನ ಅರ್ಧಕ್ಕಿಂತ ಹೆಚ್ಚು ಬೆಲೆ ತೆತ್ತೆ. ಕೇಳಿದ್ದು ತಿಳಿ ಬಣ್ಣ, ಬಂದದ್ದು ಕಡು ಬಣ್ಣ, ಹಿಂದಿರುಗಿಸುವ ಖರ್ಚೂ ನನ್ನದೇ. ಈಗ ಅಗಲವಾದ ಗಾಳಿಕಿಂಡಿಗಳೂ ಮೂರು ಪದರದ ಫೋಮೂ ಇರುವ ಒಂಟಿ ಲೆನ್ಸ್ ಬಳಸುತ್ತಿದ್ದೇನೆ, ಸುಖವಾಗಿದ್ದೇನೆ. ಏರು ಬಂದರೆ ಗಾಗಲ್ಸ್ ಕಳಚಬೇಕು, ಅಷ್ಟೇ. ಗಾಳಿಯೇ ಆಡದ ವೇಗದಲ್ಲಿ ಯಾವ ಲೆನ್ಸ್ ತಾನೇ ಏನು ಮಾಡೀತು?

ಜೋಡಿಗಾಜು: ನಲ್ಲಿಯ ಕೆಳಗೆ ಹಿಡಿದು ಉಜ್ಜಿದವರು ಸೀಲನ್ನು ದೂರುವುದು ವಿಚಿತ್ರ.

ಹಳೆಚಕ್ರ: ನಲ್ಲಿಯ ಮಾತನ್ನು ನಾನು ಎಲ್ಲಿಯೂ ಆಡಿಲ್ಲ. ಓದಿ ಬರೆಯಿರಿ.

ತೆಳುಪೊರೆ: ಇಬ್ಬರೂ ಮುಖ್ಯ ಸಂಗತಿಯನ್ನು ಬಿಟ್ಟು ಜಗಳವಾಡುತ್ತಿದ್ದೀರಿ. ಆ್ಯಂಟಿ-ಫಾಗ್ ಲೇಪನವು ತೇವವನ್ನು ತಡೆಯುವುದಿಲ್ಲ. ತೇವ ಹನಿಗಳಾಗಿ ನಿಂತು ಬೆಳಕನ್ನು ಚದುರಿಸುವ ಬದಲು ತೆಳುವಾದ ಪೊರೆಯಾಗಿ ಹರಡುವಂತೆ ಮಾಡುತ್ತದೆ. ಒದ್ದೆಯಾಗಿರುವಾಗ ಒರೆಸಿದರೆ ಆ ಲೇಪನವೇ ಕಿತ್ತುಬರುತ್ತದೆ. ನನ್ನ ಗಾಗಲ್ಸನ್ನು ಕೇಳಿ ಪಡೆದ ಸೋದರಳಿಯ ಒದ್ದೆ ಕೈಗವಸಿನ ಹೆಬ್ಬೆರಳನ್ನು ಒಳಗೆ ತೂರಿಸಿ ಒಮ್ಮೆ ಒರೆಸಿದ. ಇಂದಿಗೂ ಬಲಗಣ್ಣಿನ ಮುಂದೆ ಹೆಬ್ಬೆರಳಿನಗಲದ ಕಮಾನೊಂದರಲ್ಲಿ ಮಬ್ಬು ಮೊದಲು ಹಿಡಿಯುತ್ತದೆ, ಉಳಿದ ಭಾಗ ತಿಳಿಯಾಗಿಯೇ ಇರುತ್ತದೆ. ಇನ್ನು ಪೆಟ್ಟಿಗೆಯ ಮೇಲಿನ ದೊಡ್ಡ ಮಾತುಗಳ ವಿಚಾರ. ಕೆಲಸದ ಜಾಗದ ಸುರಕ್ಷಾ ಕನ್ನಡಕಗಳಿಗೆಂದು ಯುರೋಪು ರೂಪಿಸಿದ ಇಎನ್ 166 ಮಾನದಂಡದಲ್ಲಿ ಮಬ್ಬು ತಡೆಯುವ ಲೆನ್ಸಿಗೆ ‘ಎನ್’ ಗುರುತು ಸಿಗಲು ಪರೀಕ್ಷೆಯಲ್ಲಿ ಅದು ಕನಿಷ್ಠ 8 ಸೆಕೆಂಡು ತಿಳಿಯಾಗಿ ಉಳಿದರೆ ಸಾಕಿತ್ತು.

ಜೋಡಿಗಾಜು: ಕೆಲಸದ ಕನ್ನಡಕದ ನಿಯಮವನ್ನು ಇಲ್ಲಿಗೆ ಎಳೆದು ತರುವ ಅಗತ್ಯವೇನಿತ್ತು?

ತೆಳುಪೊರೆ: ‘ಎಂದೆಂದಿಗೂ ಮಬ್ಬಿಲ್ಲ’ ಎಂಬ ಜಾಹೀರಾತನ್ನು ನಂಬಿ ದುಪ್ಪಟ್ಟು ತೆತ್ತವರಿಗೆ ಅದು ರುಚಿಸದಿರುವುದು ಸಹಜ.

ಏರುಹಾದಿ: ಎಲ್ಲರಿಗೂ ಧನ್ಯವಾದಗಳು. ಗಾಗಲ್ಸಿನೊಳಗೆ ಪವರ್ ಕನ್ನಡಕ ಇರುವವರು ಯಾರಾದರೂ ಇದ್ದೀರಾ?

ನಾಲ್ಕುಕಣ್ಣು: ನಾನಿದ್ದೇನೆ. ನಮ್ಮಂಥವರಿಗೆ ಗಾಗಲ್ಸಿನ ಲೆನ್ಸ್ ಎರಡನೆಯ ಚಿಂತೆ, ಒಳಗಿನ ಕನ್ನಡಕವೇ ಮೊದಲು ಮಬ್ಬಾಗುತ್ತದೆ. ಓಟಿಜಿ (ಓವರ್ ದ ಗ್ಲಾಸಸ್), ಅಂದರೆ ಕನ್ನಡಕದ ಮೇಲೆಯೇ ತೊಡುವ ಮಾದರಿಗಳಲ್ಲಿ ಕನ್ನಡಕದ ಕಾಲು ಹಾಯಲು ಫೋಮಿನ ಪಕ್ಕದಲ್ಲಿ ಕಚ್ಚು ಇರುತ್ತದೆ, ಒಳಗೆ ಜಾಗವೂ ಹೆಚ್ಚು. ಆದರೆ ಫುಲ್ ಫೇಸ್ ಹೆಲ್ಮೆಟ್ಟಿನ ಗಲ್ಲದ ಪಟ್ಟಿಗೆ ಬಡಿದ ಉಸಿರು ನೇರವಾಗಿ ಮೇಲಕ್ಕೇರಿ ಮೂಗಿನ ಹತ್ತಿರದ ಸಂದಿನಿಂದ ಒಳನುಗ್ಗಿದರೆ ಆ ಜಾಗವೂ ಪ್ರಯೋಜನಕ್ಕೆ ಬಾರದು. ನಾನು ಮೂಗಿನ ಮೇಲೆ ಫೋಮ್ ಸರಿಯಾಗಿ ಕೂರುವುದನ್ನು ಹುಡುಕಿ ಹುಡುಕಿ ಕೊಂಡೆ. ಹೆಲ್ಮೆಟ್ಟಿನ ಅಂಚು ಗಾಗಲ್ಸಿನ ಮೇಲಿನ ಗಾಳಿಕಿಂಡಿಯನ್ನು ಮುಚ್ಚುತ್ತಿದ್ದುದರಿಂದ ಹೆಲ್ಮೆಟ್ಟನ್ನೂ ಬದಲಿಸಬೇಕಾಯಿತು. ಎರಡನ್ನೂ ಒಟ್ಟಿಗೆ ತೊಟ್ಟು ನೋಡದೆ ಕೊಳ್ಳಬೇಡಿ. ಸವಾರಿ ಮುಗಿದ ಮೇಲೆ ಫೋಮನ್ನು ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ.

ಹಳೆಚಕ್ರ: ಇಷ್ಟೆಲ್ಲ ಪಾಡು ಪಡುವ ಬದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದಿತ್ತಲ್ಲ. ಒಂಟಿ ಲೆನ್ಸಿನ ಗಾಗಲ್ಸಿಗೆ ಟಿಯರ್-ಆಫ್ ಎಂಬ ತೆಳು ಪಾರದರ್ಶಕ ಹಾಳೆಗಳನ್ನೂ ಸಿಕ್ಕಿಸಬಹುದು; ಕೆಸರು ಹಾರಿದರೆ ಒಂದನ್ನು ಕಿತ್ತರಾಯಿತು.

ನಾಲ್ಕುಕಣ್ಣು: ಕಣ್ಣು ಒಣಗಿ ಉರಿಯುವವರಿಗೆ ಆ ಉಪದೇಶ ಸಾಕು ಸ್ವಾಮಿ. ಕಿತ್ತ ಹಾಳೆಗಳನ್ನು ಹಾದಿಯುದ್ದಕ್ಕೂ ಎಸೆದು ಹೋಗುವವರು ಯಾರೆಂದು ಈಗ ತಿಳಿಯಿತು.

ಹಳೆಚಕ್ರ: ಪ್ರತಿಯೊಂದು ಹಾಳೆಯನ್ನೂ ಜೇಬಿಗೆ ಹಾಕಿಕೊಳ್ಳುತ್ತೇನೆ. ನೋಡದೆ ಆರೋಪ ಮಾಡಬೇಡಿ.

ಜೋಡಿಗಾಜು: ಇಳಿಜಾರಿನಲ್ಲಿ ಒಂದು ಕೈ ಬಿಟ್ಟು ಹಾಳೆ ಕಿತ್ತು ಜೇಬಿಗೆ ಹಾಕುವ ಆ ಸಾಹಸವನ್ನು ನಾವೂ ಒಮ್ಮೆ ನೋಡಬೇಕು.