ಸಹಾಯ ಬೇಕು: ಬೆಳ್ಳುಳ್ಳಿ ಎಸಳೇ ಒಡೆದಿಲ್ಲ!

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರು, ತಾರಸಿ ಮೇಲೆ ಕೈತೋಟ. ಅಡುಗೆಮನೆ ಬುಟ್ಟಿಯಲ್ಲಿದ್ದ ಬೆಳ್ಳುಳ್ಳಿ ಮೊಳಕೆ ಬಂದಿತ್ತು. ಎಸೆಯಲು ಮನಸ್ಸಾಗದೆ ಜನವರಿ ಕೊನೆಯಲ್ಲಿ ಎರಡು ಗ್ರೋ ಬ್ಯಾಗಿಗೆ ನೆಟ್ಟೆ. ಎಸಳು ಬಿಡಿಸಿ, ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲೆ ಮಾಡಿ, 4 ಇಂಚಿಗೊಂದು.

ಎಲೆ ಚೆನ್ನಾಗಿಯೇ ಬಂತು. ಒಗ್ಗರಣೆಗೆ ಅಂತ ಆಗಾಗ ಕತ್ತರಿಸಿಕೊಂಡಿದ್ದೂ ಉಂಟು (ಅದೇ ತಪ್ಪಾಯ್ತಾ?). ಏಪ್ರಿಲ್ ಕೊನೆಗೆ ಕೆಳಗಿನ ಎಲೆಗಳು ಹಳದಿಯಾಗಿ ಒಣಗಿದವು. ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಒಂದನ್ನು ಕಿತ್ತು ನೋಡಿದೆ. ಗೋಲಿಗಿಂತ ಸ್ವಲ್ಪ ದಪ್ಪ, ಒಂದೇ ಉಂಡೆ! ಅಡ್ಡ ಕೊಯ್ದರೆ ಈರುಳ್ಳಿ ಹಾಗೆ ಪದರವಿಲ್ಲ, ಎಸಳಿನ ಗುರುತೂ ಇಲ್ಲ, ಸುಮ್ನೆ ಬಿಳಿ ತಿರುಳು. ಘಾಟು ಮಾತ್ರ ಜೋರು. ಉಳಿದವೂ ಹಾಗೇ. "ಒಂಟಿ ಬೆಳ್ಳುಳ್ಳಿ ಕಣೇ, ಅಂಗಡಿಯಲ್ಲಿ ಇದಕ್ಕೇ ಜಾಸ್ತಿ ದುಡ್ಡು" ಅಂತ ಅತ್ತೆ ಸಮಾಧಾನ ಮಾಡಿದರು.

ಗಡ್ಡೆ ಎಸಳಾಗಿ ಒಡೆಯಲು ಶುರುವಿನಲ್ಲಿ ಚಳಿ ಸಿಗಬೇಕು, ಅಕ್ಟೋಬರ್-ನವೆಂಬರಿನಲ್ಲೇ ನೆಡಬೇಕಿತ್ತು ಅಂತ ಆಮೇಲೆ ತಿಳಿಯಿತು. ಈಗ ನನ್ನ ಹತ್ತಿರ ಇಂಥ 23 ಉಂಡೆಗಳಿವೆ. ಇವನ್ನೇ ಬೀಜಕ್ಕೆ ಇಟ್ಟುಕೊಂಡು ಅಕ್ಟೋಬರಿನಲ್ಲಿ ನೆಟ್ಟರೆ ಸರಿಯಾದ ಗಡ್ಡೆ ಬರುತ್ತಾ? ಯಾರಾದರೂ ಮಾಡಿ ನೋಡಿದ್ದೀರಾ? ಅಲ್ಲಿವರೆಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ಹೇಗೆ ಇಡೋದು? ಸದ್ಯಕ್ಕೆ ಎಲೆ ಸಮೇತ ಜಡೆ ಹೆಣೆದು ಒಲೆ ಪಕ್ಕದ ಕಿಟಕಿಗೆ ನೇತು ಹಾಕಿದ್ದೇನೆ. ನೆಡುವ ಮುಂಚೆ ಫ್ರಿಡ್ಜಿನಲ್ಲಿ ಇಡುತ್ತಾರಂತೆ, ಎಷ್ಟು ವಾರ ಇಡಬೇಕು?

ಗದಗ, ಹಾವೇರಿ ಕಡೆಯವರು ಇದ್ದರೆ ದಯವಿಟ್ಟು ಹೇಳಿ, ಬೆಳೆದು ಗೊತ್ತಿರುವವರು ನೀವೇ ಅಲ್ವಾ!