ಕೈ ಎತ್ತಿದರೆ ಕಸೆ ಅಂಗಿಯ ಕಂಕುಳು ಹರಿಯುತ್ತಿದೆ, ಘೇರು ಪಕ್ಕಕ್ಕೆ ಜೋಲುತ್ತಿದೆ

ಪ್ರಶ್ನೆ

ಮೈಸೂರಿನ ನಮ್ಮ ಹವ್ಯಾಸಿ ನಾಟಕ ತಂಡಕ್ಕಾಗಿ 1780ರ ದಶಕದ ಶ್ರೀರಂಗಪಟ್ಟಣದ ಸರದಾರನೊಬ್ಬನ ಉದ್ದನೆಯ ಕಸೆ ಅಂಗಿಯನ್ನು ಹೊಲಿದಿದ್ದೇನೆ. ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಎರಡು ಭಾನುವಾರ ನೋಡಿ, ಅಂಗಿಯ ಉದ್ದ, ಕಸೆ ಕಟ್ಟುವ ಜಾಗ, ನಡುಪಟ್ಟಿಯ ಅಗಲಗಳನ್ನು ಗುರುತು ಮಾಡಿಕೊಂಡೆ. ಬಟ್ಟೆ ಬದನವಾಳಿನ ಬಿಳಿ ಖಾದಿ. ಕತ್ತರಿಸುವ ಮೊದಲು ಎರಡು ಸಲ ಒಗೆದು ಒಣಗಿಸಿದ್ದೇನೆ. ನಟನ ಎದೆ ಸುತ್ತಳತೆ 40 ಅಂಗುಲ. ಮೇಲ್ಭಾಗಕ್ಕೆ ನನ್ನಲ್ಲಿದ್ದ ಷರಟಿನ ನಕಾಶೆಯನ್ನೇ ಸ್ವಲ್ಪ ಸಡಿಲಗೊಳಿಸಿ ಬಳಸಿದೆ.

ಎರಡನೆಯ ತಾಲೀಮಿನಲ್ಲಿ ನಟ ಕತ್ತಿ ಎತ್ತಿದ ಕೂಡಲೇ ಬಲ ಕಂಕುಳಿನಲ್ಲಿ ಬಟ್ಟೆ ಹರಿಯಿತು. ಎರಡು ಎಳೆ ಪಾಲಿಯೆಸ್ಟರ್ ದಾರ ಹಾಕಿ ಮತ್ತೆ ಹೊಲಿದರೆ, ಹೊಲಿಗೆ ನಿಂತು ಅದರ ಪಕ್ಕದ ಬಟ್ಟೆ ಸೀಳಿತು. ಕೈ ಎತ್ತಿದಾಗ ಅಂಗಿ ಇಡಿಯಾಗಿ ಸೊಂಟದಿಂದ ಮೇಲಕ್ಕೆ ಬರುತ್ತದೆ. ಇದಲ್ಲದೆ, ಅಂಗಿಯ ಘೇರು, ಅಂದರೆ ಸೊಂಟದ ಕೆಳಗಿನ ಅಗಲವಾದ ಸುತ್ತು, ಎರಡೂ ಪಕ್ಕಗಳಲ್ಲಿ ಒಂದೂವರೆ ಅಂಗುಲದಷ್ಟು ಕೆಳಗೆ ಜೋಲುತ್ತಿದೆ. ಇನ್ನೊಂದು ಅಂಗಿಗಾಗುವಷ್ಟು ಬಟ್ಟೆ ಉಳಿದಿದೆ. ಈಗಿನದನ್ನು ಉಳಿಸಿಕೊಳ್ಳಬಹುದೇ?

ಉತ್ತರ

ಉಳಿಸಿಕೊಳ್ಳಬಹುದು, ಆದರೆ ದಾರವನ್ನು ಬಲಪಡಿಸುವುದರಿಂದಲ್ಲ. ದಾರ ಬಟ್ಟೆಗಿಂತ ಗಟ್ಟಿಯಾದರೆ ಎಳೆತವನ್ನೆಲ್ಲ ಬಟ್ಟೆಯೇ ಹೊರಬೇಕಾಗುತ್ತದೆ. ಹೊಲಿಗೆಯ ಪಕ್ಕದಲ್ಲಿ ಸೀಳಿದ್ದು ಆ ಕಾರಣಕ್ಕೇ. ಖಾದಿಗೆ ಹತ್ತಿ ದಾರ ಸಾಕು. ಮೂಲ ದೋಷವಿರುವುದು ಕತ್ತರಿಕೆಯಲ್ಲಿ. ಷರಟಿನ ತೋಳು ಹೆಗಲಿನ ಬಾಗಿಗೆ ತಕ್ಕಂತೆ ಕೆತ್ತಿದ ತೋಳು. ನೀವು ಹೊಲಿಯಲು ಹೊರಟ ಕಾಲದ ಅಂಗಿಗಳಲ್ಲಿ ತೋಳು ನೇರ ಪಟ್ಟಿಯಾಗಿದ್ದು, ಮೈಯ ನೇರ ಅಂಚಿಗೆ ನೇರವಾಗಿ ಕೂಡುತ್ತಿತ್ತು. ಕೈ ಎತ್ತಲು ಬೇಕಾದ ಸಡಿಲವನ್ನು ಕಂಕುಳಿನಲ್ಲಿ ಕೂರಿಸಿದ ಚೌಕದ ತುಂಡು ಕೊಡುತ್ತಿತ್ತು. ಅದನ್ನೇ ನಮ್ಮ ಕಡೆಯ ಹಳೆಯ ದರ್ಜಿಗಳು ಬಗಲು ಎನ್ನುತ್ತಾರೆ. ಕೈ ಇಳಿಸಿದಾಗ ಅದು ಮಡಿಚಿಕೊಂಡು ಕಣ್ಣಿಗೆ ಕಾಣದಂತಿರುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ.

ನೀವು ಆ ಚಿತ್ರವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ನನಗೆ ಬಹಳ ಸಂತೋಷ ತಂದಿತು. ಆದರೂ ಒಂದು ಮಾತನ್ನು ಹೇಳಲೇಬೇಕು. 1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಚಿತ್ರಗಳಿಗೆ ಮುಂದೆ ಬ್ರಿಟಿಷ್ ಅಧಿಕಾರಿ ವೆಲ್ಲೆಸ್ಲಿಯ ಕಾಲದಲ್ಲಿ ಒಮ್ಮೆ, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಇನ್ನೊಮ್ಮೆ ಬಣ್ಣ ಹಚ್ಚಲಾಯಿತು. ಆದ್ದರಿಂದ ಉದ್ದ, ನಿಲುವು, ನಡುಪಟ್ಟಿಗಳಿಗೆ ಅವು ಒಳ್ಳೆಯ ಆಧಾರವಾದರೂ, ಬಣ್ಣದಡಿಯಲ್ಲಿ ಬಗಲಿನ ಹೊಲಿಗೆ ಕಾಣುವುದೆಂದು ನಿರೀಕ್ಷಿಸುವಂತಿಲ್ಲ. ಕತ್ತರಿಕೆಗೆ ಉಳಿದುಬಂದ ಬಟ್ಟೆಗಳನ್ನೇ ನೋಡಬೇಕು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಜಾಮಾ, ಅಂಗರಖಾಗಳೆಂಬ ಹಳೆಯ ಉದ್ದ ಅಂಗಿಗಳ ಛಾಯಾಚಿತ್ರಗಳು ಅಂತರಜಾಲದಲ್ಲಿ ಸಿಗುತ್ತವೆ. ಅವುಗಳಲ್ಲಿ ತೋಳು ಮೈಗೆ ಕೂಡುವ ಜಾಗವನ್ನು ದೊಡ್ಡದು ಮಾಡಿ ಗಮನಿಸಿ.

ಈಗಿನ ಅಂಗಿಗೆ ಹೀಗೆ ಮಾಡಿ. ತೋಳಿನ ಅಡಿಹೊಲಿಗೆಯನ್ನು ಕಂಕುಳಿನಿಂದ 4 ಅಂಗುಲ, ಪಕ್ಕದ ಹೊಲಿಗೆಯನ್ನು ಕೆಳಮುಖವಾಗಿ 4 ಅಂಗುಲ ಬಿಚ್ಚಿದರೆ 8 ಅಂಗುಲದ ಒಂದು ಸೀಳು ದೊರೆಯುತ್ತದೆ. ಹರಿದ ಜಾಗದ ಹಿಂದೆ ಮೊದಲು ತೆಳು ಬಟ್ಟೆಯ ಪಟ್ಟಿ ಕೊಟ್ಟು ಭದ್ರಪಡಿಸಿ. ಅನಂತರ 5 ಅಂಗುಲದ ಚೌಕವನ್ನು ನೂಲೆಳೆಗೆ ನೇರವಾಗಿ ಕತ್ತರಿಸಿ. ಸುತ್ತಲೂ ಅರ್ಧ ಅಂಗುಲ ಹೊಲಿಗೆಗೆ ಹೋದರೆ 4 ಅಂಗುಲ ಉಳಿಯುತ್ತದೆ. ಒಂದು ಮೂಲೆ ತೋಳಿನ ಹೊಲಿಗೆಯ ತುದಿಗೆ, ಎದುರಿನ ಮೂಲೆ ಪಕ್ಕದ ಹೊಲಿಗೆಯ ತುದಿಗೆ, ಉಳಿದೆರಡು ಮೂಲೆಗಳು ಮುಂದೆ ಮತ್ತು ಹಿಂದೆ ತೋಳು ಮೈಗೆ ಕೂಡುವಲ್ಲಿಗೆ ಬರಬೇಕು. ಕೈ ಎತ್ತಿದಾಗ ಚೌಕದ ಕರ್ಣದಷ್ಟು, ಅಂದರೆ ಸುಮಾರು 5.7 ಅಂಗುಲ ಬಟ್ಟೆ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಎರಡನೆಯ ಅಂಗಿಯನ್ನು ಮಾತ್ರ ಷರಟಿನ ನಕಾಶೆ ಬದಿಗಿಟ್ಟು, ಆಯತಗಳಲ್ಲೇ ಕತ್ತರಿಸಿ.

ಘೇರಿನ ವಿಚಾರ: ಪಕ್ಕದ ಕಳಿಗಳ (ಘೇರು ಅಗಲವಾಗಲು ಸೇರಿಸುವ ತ್ರಿಕೋನ ತುಂಡುಗಳ) ಓರೆ ಅಂಚಿಗೆ ಓರೆ ಅಂಚನ್ನೇ ಕೂಡಿಸಿದ್ದೀರಾ?

ಮರುಪ್ರಶ್ನೆ

ಹೌದು, ಎರಡೂ ಪಕ್ಕಗಳಲ್ಲಿ ಓರೆಗೆ ಓರೆಯನ್ನೇ ಕೂಡಿಸಿದ್ದೆ. ಬಗಲು ಕೂರಿಸಿದ ಮೇಲೆ ನಟ ಎರಡೂ ಕೈ ಎತ್ತಿದರೂ ಅಂಗಿ ಸೊಂಟದಲ್ಲೇ ನಿಂತಿತು. ಇಷ್ಟು ಸಣ್ಣ ತುಂಡಿನಿಂದ ಇಷ್ಟಾಗುವುದೆಂದು ನಾನು ಎಣಿಸಿರಲಿಲ್ಲ. ಆದರೆ ಮುಂದಿನ ಮತ್ತು ಹಿಂದಿನ ಮೂಲೆಗಳಲ್ಲಿ ಸುಕ್ಕು ಬಿದ್ದಿದೆ, ಇಸ್ತ್ರಿಯಿಂದಲೂ ಹೋಗುತ್ತಿಲ್ಲ.

ಉತ್ತರ

ಆ ಸುಕ್ಕು, ಹೊಲಿಗೆ ಮೂಲೆಯಾಚೆಗೆ ಮುಂದುವರಿದಿರುವುದರ ಗುರುತು. ಚೌಕದ ನಾಲ್ಕೂ ಮೂಲೆಗಳಲ್ಲಿ ಅಂಚಿನಿಂದ ಅರ್ಧ ಅಂಗುಲ ಒಳಗೆ ಸೀಮೆಸುಣ್ಣದ ಚುಕ್ಕೆ ಇಟ್ಟು, ಪ್ರತಿ ಬದಿಯನ್ನೂ ಚುಕ್ಕೆಯಿಂದ ಚುಕ್ಕೆಯವರೆಗೆ ಮಾತ್ರ ಹೊಲಿಯಬೇಕು. ಜೊತೆಗೆ, ತೋಳನ್ನು ಮೈಗೆ ಕೂಡಿಸಿದ ಹೊಲಿಗೆಯ ಕೊನೆಯ ಅರ್ಧ ಅಂಗುಲವನ್ನು ಬಿಚ್ಚಿಡಬೇಕು. ಇಲ್ಲವಾದರೆ ಬಟ್ಟೆಗೆ ಆ ಮೂಲೆಯಲ್ಲಿ ತಿರುಗಲು ಎಡೆಯಿರುವುದಿಲ್ಲ. ನಾಲ್ಕು ಬದಿಗಳನ್ನೂ ಮೊದಲು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ ನೋಡಿ. ಸಾಧ್ಯವಾದರೆ ಬಗಲನ್ನು ಕೈಯಲ್ಲೇ ಬಖಿಯಾ (ಪ್ರತಿ ಸಲ ಸೂಜಿಯನ್ನು ಹಿಂದಕ್ಕೆ ತಂದು ಹಾಕುವ ಹೊಲಿಗೆ) ಹಾಕಿ ಹೊಲಿಯಿರಿ. ಆ ಕಾಲದಲ್ಲಿ ಯಂತ್ರವಿರಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ಇಂತಹ ಇಕ್ಕಟ್ಟಿನ ಮೂಲೆಯಲ್ಲಿ ಬೆರಳಿಗೆ ಸಿಗುವ ಹಿಡಿತ ಯಂತ್ರದ ಪಾದಕ್ಕೆ ಸಿಗುವುದಿಲ್ಲ.

ಇನ್ನು ಕಳಿ. ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದಾಗ ಪ್ರತಿ ಕಳಿಗೆ ಒಂದು ನೇರ ಅಂಚು, ಒಂದು ಓರೆ ಅಂಚು ಬರುತ್ತದೆ. ಓರೆ ಅಂಚು ತನ್ನ ಭಾರಕ್ಕೇ ಹಿಗ್ಗುತ್ತದೆ. ಎರಡು ಓರೆಗಳು ಪಕ್ಕದಲ್ಲಿ ಕೂಡಿದರೆ ತಡೆಯುವವರಿಲ್ಲದೆ ಜೋಲುತ್ತವೆ. ಕಳಿಗಳನ್ನು ಬಿಚ್ಚಿ, ಓರೆ ಅಂಚನ್ನು ಅಂಗಿಯ ಮಧ್ಯದ ತುಂಡಿನ ನೇರ ಅಂಚಿಗೆ ಕೂಡಿಸಿ. ಆಗ ಪಕ್ಕದಲ್ಲಿ ನೇರಕ್ಕೆ ನೇರ ಬರುತ್ತದೆ. ಹೊಲಿಯುವಾಗ ಓರೆಯನ್ನು ಎಳೆಯದೆ ಮೇಜಿನ ಮೇಲೆ ಸಪಾಟಾಗಿ ಹರಡಿಕೊಳ್ಳಿ.

ಆಮೇಲೆ ಅಂಗಿಯನ್ನು ಒಂದು ಹಗಲು, ಒಂದು ರಾತ್ರಿ ನೇತುಹಾಕಿ. ಮರುದಿನ ನಟನಿಗೆ ತೊಡಿಸಿ, ನಡುಪಟ್ಟಿಯನ್ನು ಬಿಗಿದ ಮೇಲೆಯೇ, ನೆಲದಿಂದ ಅಳತೆಪಟ್ಟಿ ಹಿಡಿದು ಸುತ್ತಲೂ ಒಂದೇ ಎತ್ತರಕ್ಕೆ ಗುರುತು ಹಾಕಿ ಅಂಚನ್ನು ಮಡಿಚಿ ಹೊಲಿಯಿರಿ. ಪಟ್ಟಿ ಕಟ್ಟುವ ಮುಂಚೆ ಗುರುತು ಹಾಕಿದರೆ, ಕಟ್ಟಿದಾಗ ಬಟ್ಟೆ ಮೇಲಕ್ಕೆ ಸರಿದು ಅಂಚು ಮತ್ತೆ ಏರುಪೇರಾಗುತ್ತದೆ.