ದೋಣಿಯ ಗೂಡಿನೊಳಗೆ ಅಣಬೆ: ಇದು ಬೂಷ್ಟೋ, ಮರ ಕುಂಬಾಗಿದೆಯೋ?

ಹಿನ್ನೀರಿನ ತೋಟದವನು, ಹೊಸದುರ್ಗ ತಾಲ್ಲೂಕು:

ನಮ್ಮ ತೋಟ ವಾಣಿವಿಲಾಸ ಸಾಗರದ ಹಿನ್ನೀರಿನ ದಂಡೆಯಲ್ಲಿದೆ. 2022ರಲ್ಲಿ, 89 ವರ್ಷಗಳ ಬಳಿಕ, ಈ ಜಲಾಶಯ, ಅಂದರೆ ನಮ್ಮ ಮಾರಿಕಣಿವೆ, ಕೋಡಿ ಬಿದ್ದಾಗ ಜಿಲ್ಲೆಯೇ ಸಂಭ್ರಮಿಸಿತು. ನಮಗೂ ಸಂತೋಷವೇ, ಆದರೆ ತೋಟಕ್ಕೆ ಹೋಗುವ ದಾರಿ ನೀರಿನ ಅಡಿಗೆ ಹೋಯಿತು. ಆಗ ಕರಾವಳಿಯಿಂದ ಹಳೆಯ ದೋಣಿಯೊಂದನ್ನು ಲಾರಿಯಲ್ಲಿ ತರಿಸಿದೆವು. ಹೊರಮೈ ಫೈಬರ್. ಒಳಗೆ ಕೂರುವ ಹಲಗೆ, ತಳದ ಹಾಸು, ಮುಂಭಾಗದಲ್ಲಿ ಹಗ್ಗ ಮತ್ತು ಲೈಫ್ ಜಾಕೆಟ್ ಇಡುವ ಗೂಡು, ಹಿಂದೆ ಎಂಜಿನ್ ಕೂರುವ ದಪ್ಪ ಹಲಗೆ ಎಲ್ಲವೂ ಮರ ಅಥವಾ ಪ್ಲೈವುಡ್. ನೀರು ಇಳಿದ ಮೇಲೆ ದಡಕ್ಕೆ ಎಳೆದು, ತಾಡಪಾಲು ಬಿಗಿದು ಇಟ್ಟಿದ್ದೆವು.

ಕಳೆದ ವಾರ ಗೂಡಿನ ಬಾಗಿಲು ತೆಗೆದರೆ ಹಸಿ ಮಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಹಲಗೆಯ ಮೇಲೆ ಅಲ್ಲಲ್ಲಿ ಬೂದುಬಣ್ಣದ ಬೂಷ್ಟು. ಮೂಲೆಯಲ್ಲಿ ಅಂಗೈಯಗಲದ ಕಂದು ಅಣಬೆ. ಕಾಂಡವಿಲ್ಲ, ಹಲಗೆಗೆ ಕಚ್ಚಿಕೊಂಡು ಅಡ್ಡಕ್ಕೆ ಚಾಚಿದೆ, ಅಂಚು ಬಿಳಿ. ಕೆಳಗೆ ನುಣ್ಣನೆಯ ಕಂದು ಧೂಳು. ಬಯಲುಸೀಮೆಯ ಈ ಬಿಸಿಲಿನಲ್ಲಿ ಅಣಬೆ ಹೇಗೆ ಬಂತು? ತೊಳೆದರೆ ಸಾಕೇ, ಹಲಗೆಯನ್ನೇ ಕಿತ್ತುಹಾಕಬೇಕೇ? ಅಮ್ಮ ಇದೇ ದೋಣಿಯಲ್ಲಿ ತೋಟಕ್ಕೆ ಬರುತ್ತಾರೆ, ಈಜು ಬರುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕೋಟೆ ಬೀದಿ, ಚಿತ್ರದುರ್ಗ:

ಅಣಬೆ ಕೆರೆದು ಹಾಕಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಎಣ್ಣೆಬಣ್ಣ ಹೊಡೆಯಿರಿ. ನಮ್ಮ ಮನೆಯ ಅಟ್ಟದ ಬೂಷ್ಟು ಹಾಗೆಯೇ ಹೋಯಿತು.

ಬಡಗಿ, ದಾವಣಗೆರೆ:

ಅಣ್ಣ, ಬಣ್ಣದ ಡಬ್ಬಿ ಸದ್ಯಕ್ಕೆ ಮುಟ್ಟಬೇಡಿ. ಒಳಗಿನ ತೇವದ ಮೇಲೆ ಬಣ್ಣ ಬಳಿದರೆ ಆ ತೇವ ಹೊರಬರುವ ದಾರಿಯೂ ಮುಚ್ಚಿಹೋಗುತ್ತದೆ. ಅಟ್ಟದ ಬೂಷ್ಟು ಬೇರೆ, ಇದು ಬೇರೆ. ಬೂಷ್ಟು ಮೇಲ್ಮೈಯಲ್ಲಿ ಕೂರುತ್ತದೆ, ಒರೆಸಿದರೆ ಹೋಗುತ್ತದೆ, ಮರದ ಕಸುವನ್ನು ತಿನ್ನುವುದಿಲ್ಲ. ಹಲಗೆಯಿಂದ ಅಣಬೆಯೇ ಹೊರಟಿದೆ ಎಂದರೆ ಒಳಗೆ ಬಹಳ ದಿನದಿಂದ ಕೆಲಸ ನಡೆದಿದೆ. ಬ್ಲೀಚಿಂಗ್ ಪೌಡರ್‌ನ ಔಷಧ ಮೇಲೆಯೇ ಉಳಿಯುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತದೆ.

ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಳ್ಳಿ. ಅಣಬೆಯ ಜಾಗದಿಂದ ಶುರುಮಾಡಿ ಗೇಣಿಗೊಮ್ಮೆ ಚುಚ್ಚುತ್ತಾ ಹೋಗಿ. ತುದಿ ಒಳಗಿಳಿದ ಮೇಲೆ ಎಳೆಗೆ ಅಡ್ಡಲಾಗಿ ಮೇಲಕ್ಕೆ ಮೀಟಿ. ಗಟ್ಟಿ ಮರವಾದರೆ ಚಟ್ಟೆಂದು ಉದ್ದನೆಯ ಸಿಬಿರು ಏಳುತ್ತದೆ, ಅದರ ಒಂದು ತುದಿ ಮರವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಕುಂಬಾದ ಮರ ಸದ್ದಿಲ್ಲದೆ ಚೂರುಚೂರಾಗಿ ಮುರಿದು ಬರುತ್ತದೆ. ಹೊರಗೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಈ ಸಿಬಿರು ನಿಜ ಹೇಳುತ್ತದೆ. ಸುತ್ತಿಗೆಯ ಹಿಡಿಯಿಂದಲೂ ತಟ್ಟಿ ನೋಡಿ. ಸದ್ದು ಸತ್ತ ಕಡೆ ಸೀಮೆಸುಣ್ಣದ ಗುರುತು ಹಾಕಿ. ಸ್ಕ್ರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಅಲ್ಲಿಯೂ ಗುರುತು ಇರಲಿ.

ಎಂಜಿನ್ ಕೂರುವ ಹಲಗೆಯನ್ನು ಎಲ್ಲಕ್ಕಿಂತ ಮೊದಲು ನೋಡಿ. ಇಂಥ ದೋಣಿಗಳಲ್ಲಿ ಅದು ಸಾಮಾನ್ಯವಾಗಿ ಫೈಬರ್ ಪದರಗಳ ನಡುವೆ ಹುದುಗಿದ ಪ್ಲೈವುಡ್. ಒಳಗೆ ಕೊಳೆತರೂ ಹೊರಗೆ ಕಾಣದು. ಕೆಳಗಿನ ಬೋಲ್ಟ್ ಒಂದನ್ನು ಬಿಚ್ಚಿ. ತೂತಿನಿಂದ ಕಂದು ನೀರು ಒಸರಿದರೆ, ಅಥವಾ ಎಂಜಿನ್ ಹಿಡಿದು ಮೇಲೆ ಕೆಳಗೆ ಆಡಿಸಿದಾಗ ಹಲಗೆಯೂ ಜೊತೆಗೆ ಬಾಗಿದರೆ, ದೋಣಿಯನ್ನು ನೀರಿಗೆ ಇಳಿಸಲೇಬೇಡಿ.

ಸಸ್ಯಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ:

ಬಡಗಿಯವರು ಹೇಳಿದ್ದು ಸರಿ. ಕಣ್ಣಿಗೆ ಕಾಣುವ ಅಣಬೆ ಶಿಲೀಂಧ್ರದ ಬೀಜಕ ಹರಡುವ ಭಾಗ ಮಾತ್ರ. ಅದರ ದೇಹವೆಲ್ಲ ಸಣ್ಣ ನೂಲುಗಳಾಗಿ ಮರದೊಳಗೆ ಇರುತ್ತದೆ. ಬಿಸಿಲಿನ ವಿಷಯಕ್ಕೆ ಬಂದರೆ, ಅದಕ್ಕೆ ಊರಿನ ಹವೆ ಲೆಕ್ಕವಿಲ್ಲ, ಹಲಗೆಯ ತೇವ ಮುಖ್ಯ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಮರ ಕೊಳೆಸುವ ಶಿಲೀಂಧ್ರ ತಲೆಯೆತ್ತುವುದಿಲ್ಲ. ಶೇ 30ರ ಆಸುಪಾಸಿಗೆ ಬಂದರೆ ಹುಲುಸಾಗಿ ಬೆಳೆಯುತ್ತದೆ. ಬಿಗಿದ ತಾಡಪಾಲಿನ ಅಡಿಯಲ್ಲಿ ಹಗಲು ಆವಿಯಾದ ನೀರು ರಾತ್ರಿ ತಣ್ಣಗಾಗಿ ಹಲಗೆಗೇ ಮರಳುತ್ತದೆ. ಜೊತೆಗೆ ನಮ್ಮ ಸೀಮೆಯ ಬೆಚ್ಚನೆಯ ಹವೆ. ಉಪ್ಪುನೀರು ನೆನೆದ ಮರದಲ್ಲಿ ಇವು ಸುಲಭವಾಗಿ ಬೆಳೆಯುವುದಿಲ್ಲ, ಮಳೆಯ ಸಿಹಿನೀರು ಇವಕ್ಕೆ ಹಿತ.

ಮರ ಒಣಕೆರೆಯ ತಳದಂತೆ ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಉಜ್ಜಿದರೆ ಕಂದು ಪುಡಿಯಾದರೆ ಅದು ಕಂದು ಕೊಳೆ. ಮರಕ್ಕೆ ಕಸುವು ಕೊಡುವ ನಾರು (ಸೆಲ್ಯುಲೋಸ್) ಖಾಲಿಯಾಗಿ, ಅದನ್ನು ಅಂಟಿಸಿ ಹಿಡಿಯುವ ಕಂದು ವಸ್ತು (ಲಿಗ್ನಿನ್) ಉಳಿದಿದೆ ಎಂದರ್ಥ. ಬಿಳಿಚಿಕೊಂಡು ನಾರುನಾರಾಗಿ ಮೆತ್ತಗಾಗಿದ್ದರೆ ಬಿಳಿ ಕೊಳೆ. ಇನ್ನು ಆ ಕಂದು ಧೂಳು ಬೀಜಕಗಳೇ ಇರಬಹುದು. ಒಣಗಿದ ಮೇಲೆ ಗುಡಿಸಬೇಡಿ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಉಬ್ಬಸ ಇರುವವರು ಆ ಗೂಡಿಗೆ ತಲೆ ಹಾಕಬಾರದು.

ಹಿನ್ನೀರಿನ ತೋಟದವನು:

ಇಬ್ಬರಿಗೂ ಕೈಮುಗಿಯುತ್ತೇನೆ. ಇಂದು ಬೆಳಿಗ್ಗೆ ತಮ್ಮನೂ ನಾನೂ ಕೂತು ಚುಚ್ಚಿದೆವು. ಎಂಜಿನ್ ಹಲಗೆ ಗಟ್ಟಿಯಾಗಿದೆ, ಬೋಲ್ಟ್ ತೂತು ಒಣಗಿದೆ. ಗೂಡಿನ ಬಲಬದಿಯ ಹಲಗೆ ಮಾತ್ರ ಹೋಗಿದೆ. ಚೌಕ ಚೌಕವಾಗಿಯೇ ಬಿರಿದಿದೆ. ಅಣಬೆಯ ನೇರ ಮೇಲೆ ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ಇದೆ. ಅದರ ಬೋಲ್ಟ್‌ನಿಂದ ಹಲಗೆಯ ಮೇಲೆ ಕಪ್ಪು ಗೆರೆಯೊಂದು ಇಳಿದು ಸರಿಯಾಗಿ ಅಣಬೆಯ ಬುಡಕ್ಕೆ ಬಂದು ನಿಂತಿದೆ. ಕೊಂಡಿಯ ಅಡಿಯ ರಬ್ಬರ್ ಒಡೆದುಹೋಗಿತ್ತು. ಎಲ್ಲಿಯವರೆಗೆ ಕತ್ತರಿಸಬೇಕು, ಏನು ಬಳಿಯಬೇಕು, ಯಾವ ಮರ ಹಾಕಬೇಕು?

ಬಡಗಿ, ದಾವಣಗೆರೆ:

ನೀರಿನ ದಾರಿ ಸಿಕ್ಕಿತಲ್ಲ, ದೊಡ್ಡ ಕೆಲಸ ಮುಗಿಯಿತು. ಅದನ್ನು ಮುಚ್ಚದೆ ತೇಗ ಹಾಕಿದರೂ ಪ್ರಯೋಜನವಿಲ್ಲ.

ಕುಂಬು ಕಾಣಿಸುವ ಕೊನೆಯಿಂದ ಎಳೆಯ ಉದ್ದಕ್ಕೆ ಕನಿಷ್ಠ ಒಂದು ಅಡಿ, ಜಾಗವಿದ್ದರೆ ಎರಡು ಅಡಿ ಗಟ್ಟಿ ಮರವನ್ನೂ ಸೇರಿಸಿ ಕತ್ತರಿಸಿ. ಚೂರುಗಳನ್ನು ದೋಣಿಯ ಹತ್ತಿರ ಬಿಡದೆ ಸುಟ್ಟುಬಿಡಿ. ಉಳಿದ ಮರಕ್ಕೆ ಬಿಳಿಗಾರ (ಬೋರಾಕ್ಸ್) ಮೂರು ಪಾಲು, ಬೋರಿಕ್ ಪುಡಿ ಎರಡು ಪಾಲು, ಎರಡೂ ಸೇರಿ ಸುಮಾರು 150 ಗ್ರಾಂ, ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಬ್ರಷ್‌ನಿಂದ ಎರಡು ಮೂರು ಬಾರಿ ಬಳಿಯಿರಿ. ಬಿಳಿಗಾರ ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ಮರ ಸ್ವಲ್ಪ ಹಸಿಯಾಗಿದ್ದಾಗಲೇ ಬಳಿಯುವುದು ಒಳ್ಳೆಯದು, ಔಷಧ ಆ ತೇವದ ಜೊತೆಯಲ್ಲೇ ಒಳಗಿಳಿಯುತ್ತದೆ. ಕತ್ತರಿಸಿದ ತುದಿಗಳಿಗೆ ಧಾರಾಳವಾಗಿ ಕುಡಿಸಿ. ಮಕ್ಕಳ ಕೈಗೆ ಸಿಗಬಾರದು, ಉಳಿದ ನೀರನ್ನು ಹಿನ್ನೀರಿಗೆ ಚೆಲ್ಲಬಾರದು. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಲಿ. ಇದಕ್ಕೆ ವಾರಗಳೇ ಬೇಕು, ಅವಸರ ಮಾಡಬೇಡಿ. ನೀರು ತಾಗಿದರೆ ಈ ಔಷಧ ತೊಳೆದುಹೋಗುತ್ತದೆ. ಹಾಗಾಗಿ ಒಣಗಿದ ಮೇಲೆ ಬಿಳಿ ಪುಡಿ ಒರೆಸಿ, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯಲೇಬೇಕು.

ಹೊಸ ಹಲಗೆಗೆ ತೇಗ ಅಥವಾ ಹೊನ್ನೆಯ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ತನ್ನಿ. ಅಂಚಿನ ಬಿಳಿ ಭಾಗ ಇದ್ದರೆ ಕೊಯ್ದು ತೆಗೆಯಿರಿ, ತೇಗದ್ದಾದರೂ ಆ ಬಿಳಿ ಭಾಗ ಬೇಗ ಕೊಳೆಯುತ್ತದೆ. ಪ್ಲೈವುಡ್ ಹಾಕುವುದಾದರೆ ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈ ಮಾತ್ರ, ನಾಲ್ಕೂ ಅಂಚಿಗೆ ಎಪಾಕ್ಸಿ ಕುಡಿಸಿ. ಕೊಂಡಿಯ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್‌ನ ಅಳತೆಗೆ ಮತ್ತೆ ಕೊರೆಯಿರಿ. ಮುಂದೆ ಬೋಲ್ಟ್ ಸೋರಿದರೂ ನೀರು ಮರಕ್ಕೆ ತಾಗುವುದಿಲ್ಲ.

ದಡದಲ್ಲಿ ಇಡುವಾಗ ಮೂತಿ ಎತ್ತರಕ್ಕಿರಲಿ, ನೀರು ಹರಿದುಹೋಗುವ ಹಿಂದಿನ ತೂತಿನ ಬಿರಡೆ ತೆಗೆದಿರಲಿ. ತಾಡಪಾಲನ್ನು ಬಿದಿರಿನ ಮೇಲೆ ಗುಡಿಸಲಿನ ಸೂರಿನ ಹಾಗೆ ಎತ್ತಿ ಕಟ್ಟಿ, ಎರಡೂ ತುದಿ ತೆರೆದಿಡಿ. ಕತ್ತರಿಸಿದ ಮೇಲೆ ಗೂಡಿನ ಅಳತೆ ಮತ್ತು ಹಲಗೆಯ ದಪ್ಪ ಇಲ್ಲಿ ಬರೆಯಿರಿ, ಜೋಡಣೆ ಎಲ್ಲಿ ಕೊಡಬೇಕೆಂದು ಹೇಳುತ್ತೇನೆ.